ಯಾರೂ ತಡೆಯದ ಚೆಂಡು

ಫೆಬ್ರವರಿ 22, ಶನಿವಾರ

ಯಾರೂ ಅಡ್ಡ ಬರದಿದ್ದರೂ ಒಂದು ಬಾಸ್ಕೆಟ್ ಹಾಕಲಾಗಲಿಲ್ಲವಲ್ಲ ನನಗೆ!

ಕೊನೆಯ ವರ್ಷದವರಾದ ನಮಗೆ ಇಂದು ಕಾಲೇಜಿನ ಜಿಮ್‌ನಲ್ಲಿ ಕಡೆಯ ಪಂದ್ಯ. ನವೆಂಬರ್‌ನಿಂದ ಮಂಡಿ ನೋವಿಗೆ ಬೆಂಚಿನ ಮೇಲೇ ಕೂತಿದ್ದ ನನಗಾಗಿ ಎರಡೂ ತಂಡಗಳ ಕೋಚ್‌ಗಳು ಮಾತಾಡಿಕೊಂಡಿದ್ದರು: ಮೊದಲ ಬಾಸ್ಕೆಟ್ ನನ್ನದು, ಯಾರೂ ತಡೆಯಬಾರದು. ಆಮೇಲೆ ಎದುರು ತಂಡಕ್ಕೂ ಒಂದು ಬಿಟ್ಟುಕೊಡುವುದು.

ಕುಂಟುತ್ತ ಹೋಗಿ ಎಸೆದೆ. ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು. ಅಯೋವಾದ ಹಿಮ ತುಳಿದು ಬಂದ ಜನವೆಲ್ಲ ತಲೆಗೆ ಕೈ ಇಟ್ಟರು.

ನಾಲ್ಕು ವರ್ಷ ನನ್ನ ಪಕ್ಕೆಗೆ ಮೊಣಕೈ ತಿವಿದ ಎದುರು ತಂಡದ ಟ್ರಿನಾ ಚೆಂಡನ್ನು ಹೆಕ್ಕಿ ನನ್ನ ಕೈಗಿಟ್ಟಳು.

"ತಗೊಳೇ ಕುಂಟಿ. ನಾನ್ ಅಡ್ಡ ನಿಲ್ದೇ ಇದ್ರೆ ನಿಂಗ್ ಹಾಕೋಕೇ ಬರಲ್ವಲ್ಲ!"

ಎರಡೂ ಕೈ ಎತ್ತಿ ನನ್ನೆದುರು ನಿಂತೇಬಿಟ್ಟಳು. ಆ ಕೈಗಳ ಮೇಲಿಂದ ಎಸೆದೆ. ರಿಂಗಿನೊಳಗೇ ಬಿತ್ತು.

ಅವಳು ತಡೆಯಲು ನಿಜವಾಗಿ ಹಾರಿದಳೋ, ಇಲ್ಲವೋ... ಹಾರಿದಳು ಎಂದುಕೊಂಡೇ ಮಲಗುತ್ತೇನೆ.