ಹೊಂಗೆ ಮರದ ಪಾಠ

೩-೭-೧೯೫೮, ಗುರುವಾರ

ಕೋಪ ಇನ್ನೂ ಇಳಿದಿಲ್ಲ. ಶನಿವಾರ ವನಮಹೋತ್ಸವಕ್ಕೆ ಅರಸೀಕೆರೆಯಿಂದ ಸಾಹೇಬರು ಬಂದು ಗುಲ್‌ಮೊಹರ್ ಸಸಿ ನೆಡುತ್ತಾರಂತೆ. ಅದಕ್ಕೆ ಜಾಗ ಬೇಕೆಂದು ಶಾಲೆಯ ಅಂಗಳದ ಹೊಂಗೆ ಮರವನ್ನೇ ಕಡಿಸಲು ಹೊರಟಿದ್ದಾರೆ ನಮ್ಮ ಹೆಡ್‌ಮಾಸ್ಟರು! ಬೇಡವೆಂದರೆ ನಕ್ಕರು.

ಮಧ್ಯಾಹ್ನ ದ್ಯಾವಯ್ಯ ಕೊಡಲಿ ಹಿಡಿದು ಬಂದಾಗ ನನ್ನ ನಾಲ್ಕನೇ ಕ್ಲಾಸು ಆ ಮರದಡಿಯಲ್ಲೇ ಕೂತಿತ್ತು.

"ಮಕ್ಕಳ್ನ ಎಬ್ಬಿಸ್ರವ್ವ, ಮರ ಕಡೀಬೇಕು."

"ಪಾಠ ಮುಗೀಲಿ, ಕೂತ್ಕೊಳಪ್ಪ" ಎಂದೆ.

ಕೂತ. ಹೊಂಗೆಯಿಂದ ಏನೇನು ಸಿಗುತ್ತದೆ ಎಂದು ಮಕ್ಕಳನ್ನು ಕೇಳುತ್ತಾ ಹೋದೆ. ದೀಪಕ್ಕೆ ಎಣ್ಣೆ, ಗದ್ದೆಗೆ ಸೊಪ್ಪು, ಮಲಗಲು ನೆರಳು ಎಂದರು. ದ್ಯಾವಯ್ಯನಿಗೆ ತಡೆಯಲಾಗಲಿಲ್ಲ. "ಹಿಂಡಿ ಮರ್ತ್‌ಬುಟ್ರೇನ್ರಲಾ? ತೆಂಗಿನ ಬುಡಕ್ಕೆ ಏನಾಕ್ತಾರೆ?"

ಶಾಲೆ ಬಿಡುವ ಗಂಟೆ ಹೊಡೆಯಿತು. "ನಾಳೆ ಬತ್ತೀನಿ ಕಣವ್ವ" ಎಂದು ಹೊರಟ.

ಬರಲಿ. ಹೊಂಗೆಯ ಪಾಠ ನಾಳೆಯೂ ಮುಗಿಯುವುದಿಲ್ಲ. ಶನಿವಾರ ಸಾಹೇಬರೂ ಬಂದು ಅದೇ ನೆರಳಲ್ಲಿ ಕೂರಲಿ.