ಆರು ಗಂಟೆ ಮೊದಲು

ಸೋಮವಾರ, ತಾರೀಖು ಹನ್ನೆರಡು

ಗಡಿಯಾಚೆಯ ಅಕ್ಕನಿಗೆ, ಕೆಳದಂಡೆಯ ತಂಗಿಯ ನಮಸ್ಕಾರ.

ನಿಮ್ಮ ಕಾಗದ ಬಂತು. ನಾಲ್ಕು ಕಡೆ ಕ್ಷಮೆ ಕೇಳಿದ್ದೀರಿ. ಬೇಡ ಅಕ್ಕ. ವೈರ್‌ಲೆಸ್ ಸತ್ತಾಗ ನದಿಯ ಅಳತೆಯ ಚೀಟಿ ಹಿಡಿದು, ಫೋನ್ ಇರುವ ಪೇಟೆಗೆ ಹದಿನೈದು ಮೈಲಿ ನಡೆದವರು ನೀವು. ಕಾಲು ಉಳುಕಿ ಹತ್ತು ನಿಮಿಷ ಕೂತದ್ದನ್ನು ಪಾಪವೆಂಬಂತೆ ಬರೆದಿದ್ದೀರಿ. ನಿಮ್ಮ ಫೋನ್ ಬರುವ ಹೊತ್ತಿಗೆ ನೀರು ನಮ್ಮ ಪ್ರವಾಹ ಕಚೇರಿಯ ಮೂರನೆಯ ಮೆಟ್ಟಿಲಲ್ಲಿತ್ತು. ಹತ್ತು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ.

ಒಂಬತ್ತು ವರ್ಷ ದಿನಾ ಬೆಳಿಗ್ಗೆ ಏಳಕ್ಕೆ ವೈರ್‌ಲೆಸ್ಸಿನಲ್ಲಿ ನಿಮ್ಮ ದನಿ ಕೇಳಿದ್ದೇನೆ, ಮುಖ ನೋಡಿಲ್ಲ. ಅಳತೆ ಹೇಳಿ, "ನೀರು ಹೊರಟಿದೆ ತಂಗಿ, ಇನ್ನಾರು ಗಂಟೆಯಲ್ಲಿ ನಿಮ್ಮ ಬಾಗಿಲಿಗೆ ಬರುತ್ತೆ. ನೆಂಟರು, ಬೇಡ ಅಂದ್ರೂ ಬಿಡಲ್ಲ" ಎನ್ನುತ್ತಿದ್ದಿರಿ.

ಪಂಪ್‌ಹೌಸಿನಲ್ಲಿದ್ದ ನನ್ನ ತಮ್ಮನ ಕ್ಷೇಮ ವಿಚಾರಿಸಿದ್ದೀರಿ. ಅಂದು ಫೋನಿನಲ್ಲಿ ಎಲ್ಲರೂ ಕ್ಷೇಮ ಎಂದಿದ್ದೆ. ಸುಳ್ಳು. ಅಷ್ಟರಲ್ಲಿ ಪಂಪ್‌ಹೌಸ್ ಮುಳುಗಿತ್ತು. ನೀವು ಅಳುತ್ತಿದ್ದಿರೆಂದು ಹಾಗೆ ಹೇಳಿದೆನೋ, ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆಂದು ಹೆದರಿದೆನೋ, ತಿಳಿಯದು. ಏಳಕ್ಕೆ ನಿಮ್ಮ ದನಿ ಬರದಿದ್ದರೆ ನಿನ್ನೆಯ ಅಳತೆಯನ್ನೇ ಬೋರ್ಡಿನ ಮೇಲೆ ಬರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿತ್ತು. ಅಂದೂ ನಾನು ಅದನ್ನೇ ಬರೆದೆ. ಅದನ್ನು ನಂಬಿ ಅವನು ಕೆಳಗಿನ ಮೋಟಾರ್ ಬಿಚ್ಚಲು ಇಳಿದ. ಎರಡನೆಯ ದಿನ ಸಿಕ್ಕ. ಕೈಯಲ್ಲಿ ಸ್ಪ್ಯಾನರ್ ಹಾಗೆಯೇ ಇತ್ತು.

ನಿಮ್ಮ ವೈರ್‌ಲೆಸ್ ಬ್ಯಾಟರಿ ಕೈಕೊಡತೊಡಗಿ ಎರಡು ವರ್ಷ. ನಿಮ್ಮ ಸರ್ಕಾರದಲ್ಲಿ ಇರಲಿಲ್ಲ, ನೀವು ನಮ್ಮನ್ನು ಕೇಳಿದಿರಿ. ನಮ್ಮ ಗೋದಾಮಿನಲ್ಲಿ ಹನ್ನೊಂದು ಇದ್ದವು. "ಮೊದಲು ನಮ್ಮ ದೇಶದ ಕೇಂದ್ರಗಳು" ಎಂಬ ಷರಾ ಹೊತ್ತು ಕಡತ ವಾಪಸಾಯಿತು. ಮೇಲಿನ ಮನೆಯ ನೆಲ ಸೋರಿದರೆ ಕೆಳಗಿನ ಮನೆಯ ಹಾಸಿಗೆ ನೆನೆಯುತ್ತದೆ. ಇಷ್ಟನ್ನು ತಿಳಿಯಲು ನನ್ನಂಥವರ ಇಂಗ್ಲಿಷ್ ಓದು ಬೇಕಿರಲಿಲ್ಲ.

ಈ ಕಾಗದದ ಜೊತೆ ಎರಡು ಬ್ಯಾಟರಿ ಬರುತ್ತಿವೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಗೊತ್ತು. ಆದರೂ ಹಾಕಿಕೊಳ್ಳಿ. ನಿಮ್ಮ ವೈರ್‌ಲೆಸ್ಸಿನ ದೀಪ ಹತ್ತಿದರೆ ಇಲ್ಲಿ ಇನ್ಯಾರದೋ ತಮ್ಮ ಮನೆಗೆ ಬರುತ್ತಾನೆ.

ಏಳಕ್ಕೆ ಕಾಯುತ್ತಿರುತ್ತೇನೆ. ಅಳತೆ ಮಾತ್ರ ಹೇಳಿ. ನೆಂಟರ ಮಾತು ಸ್ವಲ್ಪ ದಿನ ಬೇಡ.

ನಿಮ್ಮ ದನಿಗೆ ಕಿವಿಯಾಗಿರುವ,
ತಂಗಿ

ತಾ.ಕ.: ಆ ಷರಾ ಬರೆದವಳು ನಾನೇ. ಅಂದು ಊಟದ ಹೊತ್ತಿಗೆ ತಮ್ಮನಿಗೆ ಹೇಳಿದ್ದೆ, ಕೊಂಚ ಹೆಮ್ಮೆಯಿಂದಲೇ. ಅವನು ತಟ್ಟೆಯಿಂದ ತಲೆ ಎತ್ತದೆ, "ಅಲ್ಲ ಕಣಕ್ಕಾ, ನೀರು ಅವರ ಕಡೆಯಿಂದ ತಾನೇ ಬರೋದು?" ಎಂದ. ನೀನು ನಿನ್ನ ಮೋಟಾರ್ ನೋಡ್ಕೋ ಎಂದಿದ್ದೆ.