ಓದದ ಪುಸ್ತಕಕ್ಕೆ ಜಾಮೀನು

ಕೊಟ್ಟಾರ, ಮಂಗಳೂರು
ನವೆಂಬರ್ ೩, ೨೦೨೫, ಸೋಮವಾರ

ಪ್ರೀತಿಯ ದೇಯಿ,

ಕೊಟ್ಟಾರದಿಂದ ಪಡೀಲಿಗೆ ಕಾಗದ ಬರೆಯುವವಳು ಈ ಕಾಲದಲ್ಲಿ ಯಾರು ಎಂದು ನಗಬೇಡ. ಬೆಳಿಗ್ಗೆಯಿಂದ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡೆ, ಪುನಃ ಕೆಳಗಿಟ್ಟೆ. ಫೋನಿನಲ್ಲಿ ನನ್ನ ಬಾಯಿಯನ್ನು ನಂಬುವ ಹಾಗಿಲ್ಲ. ನಿನ್ನ ದನಿ ಕೇಳಿದ ಕೂಡಲೇ ಅದು ತಮಾಷೆ ಮಾಡಲು ಶುರುಮಾಡುತ್ತದೆ, ತಮಾಷೆಯ ನಡುವೆ ಒಂದು ಸುಳ್ಳನ್ನೂ ಸೇರಿಸಿಬಿಡುತ್ತದೆ. ನಾವಿಬ್ಬರೂ ಜೀವಮಾನವೆಲ್ಲ ತುಳುವಿನಲ್ಲೇ ಹರಟಿದವರು. ಆದರೆ ಬರೆಯಲು ಕೂತರೆ ಒಂದೇ ಬೆಂಚಿನಲ್ಲಿ ಕೂತು ಕಲಿತ ಈ ಕನ್ನಡವೇ ಬರುವುದು. ಇದರಲ್ಲಾದರೂ ನಿಧಾನವಾಗಿ, ಯೋಚಿಸಿ ನಿಜ ಹೇಳುತ್ತೇನೆ.

ನನಗೆ ನಾಚಿಕೆಯಾಗಿದೆ, ದೇಯಿ. ನಿನ್ನೆ ಸುರತ್ಕಲ್‌ನಲ್ಲಿ, ಪ್ರಣೀತಾಳ ಮನೆಯಲ್ಲಿ, ಅಷ್ಟು ಜನರ ಎದುರು ನೀನು ನನ್ನ ಮಾನ ಉಳಿಸಲು ಸುಳ್ಳು ಹೇಳಿದಿ. ನಾನು ಚಹಾದ ಕಪ್ಪು ಹಿಡಿದು ಅದನ್ನು ಸುಮ್ಮನೆ ಕೇಳುತ್ತ ಕೂತೆ. ಬೆಳಿಗ್ಗೆಯಷ್ಟೇ, ನಮ್ಮ ಸತ್ತವರ ದಿನವೆಂದು, ಸಿಮಿತ್ರಿಗೆ ಹೋಗಿ ಅಪ್ಪ ಅಮ್ಮನ ಗೋರಿಗೆ ಮೇಣದಬತ್ತಿ ಹಚ್ಚಿ ಬಂದಿದ್ದೆ. ಆ ಮೇಣದ ವಾಸನೆ ಇನ್ನೂ ಕೈಯಲ್ಲಿತ್ತು. ಅದೇ ಕೈಯಲ್ಲಿ ನಿನ್ನ ಪಕ್ಕ ಕೂತು ಗೋಳಿಬಜೆ ತಿಂದೆ.

ನಮ್ಮ ಓದು ಬಳಗಕ್ಕೆ ನಿನ್ನನ್ನು ಎಳೆದು ತಂದವಳು ನಾನೇ. ನಿನ್ನ ಮುಕೇಶ್ ಅಳಿವೆಯ ನೀರಿನಲ್ಲಿ ಹೋದಮೇಲೆ ನೀನು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮೂರು ದಿನ ಮಗನನ್ನು ಇಟ್ಟುಕೊಂಡ ನೀರಿನದ್ದು ಯಾವುದೂ ನನ್ನ ಅಡುಗೆಮನೆಗೆ ಬೇಡ ಎಂದು ಮೀನನ್ನೇ ಬಿಟ್ಟಿ. ನಿನ್ನನ್ನು ಕಟ್ಟಿಕೊಂಡ ಮೋಹನಣ್ಣ ಪಾಪ, ಬಾಯಿ ಕೆಟ್ಟಾಗ ತಮ್ಮ ಅಂಗಡಿಯ ಹತ್ತಿರದ ಹೋಟೆಲಿಗೆ ಹೋಗಿ ಒಂದು ಮೀನೂಟ ಮಾಡಿ, ಕೈ ಎರಡೆರಡು ಸಲ ತೊಳೆದು ಮನೆಗೆ ಬರುತ್ತಿದ್ದರು. ತಿಂಗಳಿಗೊಂದು ಕಾದಂಬರಿ ಓದುತ್ತೇವೆ, ಮೊದಲ ಆದಿತ್ಯವಾರ ಸೇರಿ ಮಾತಾಡುತ್ತೇವೆ, ತಿಂಡಿಯೂ ಇರುತ್ತದೆ, ಬಾ ಎಂದು ನಾನು ಕಾಟ ಕೊಟ್ಟೆ. ನೀನು ಬಂದಿ. ಬಂದವಳು ಕೇಳಿದ್ದು ಒಂದೇ. ಯಾವ ಪುಸ್ತಕವಾದರೂ ಓದುತ್ತೇನೆ, ಮಕ್ಕಳು ನೀರಿನಲ್ಲಿ ಹೋಗುವುದು ಮಾತ್ರ ಬೇಡ, ಗೊತ್ತಿಲ್ಲದೆ ಪುಟ ತಿರುಗಿಸಿದಾಗ ಅದು ಎದುರು ಬಂದರೆ ತಡೆಯುವ ಶಕ್ತಿ ನನಗಿಲ್ಲ ಎಂದಿ. ನಮ್ಮ ಜಾಮೀನಿನ ಕ್ರಮ ಶುರುವಾದದ್ದು ಅದರಿಂದ. ಪುಸ್ತಕ ಸೂಚಿಸುವವಳು ಅದನ್ನು ಮೊದಲೇ ಪೂರ್ತಿ ಓದಿರಬೇಕು. ಮಡಿಲಲ್ಲಿ ಇಟ್ಟುಕೊಂಡು, ಕೊನೆಯ ಪುಟದವರೆಗೆ ಓದಿದ್ದೇನೆ, ಇದಕ್ಕೆ ನಾನು ಜಾಮೀನು ಎಂದು ಎಲ್ಲರ ಎದುರು ಹೇಳಬೇಕು. ಆಮೇಲೇ ಕೈ ಎತ್ತುವುದು. ಈ ಕ್ರಮವನ್ನು ಮಾಡಿದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು.

ಕಳೆದ ತಿಂಗಳು ನಜ್ಲಾಳ ಮನೆಯಲ್ಲಿ ಸೇರಿದ್ದು ನೆನಪುಂಟಲ್ಲ? ಪ್ರಣೀತಾ ಒಂದು ದಪ್ಪ ಕಾದಂಬರಿ ತಂದಿದ್ದಳು. ಪ್ರತಿ ಸಲವೂ ಅವಳ ಪುಸ್ತಕವೇ ಗೆಲ್ಲುವುದು. ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಎರಡು ಮಾತಿನಲ್ಲಿ ಕತೆಯ ಸಾರ ಹೇಳಿ ಎಲ್ಲರ ಬಾಯಲ್ಲಿ ನೀರೂರಿಸುತ್ತಾಳೆ. ನನಗೆ ಹೊಟ್ಟೆಕಿಚ್ಚು. ಮೂವತ್ತು ವರ್ಷ ಶಾಲೆಯ ಆಫೀಸಿನಲ್ಲಿ ಕೂತು ಬಂದವಳಿಗೆ ಅವಳ ಮುಂದೆ ಒಂದು ಸಲ, ಒಂದೇ ಒಂದು ಸಲ ಗೆಲ್ಲಬೇಕು ಎನ್ನುವ ಹಟ. ಆದರೆ ಆ ದಿನ ಪ್ರಣೀತಾ, ಸಾರಿ, ಕೊನೆಯ ಸ್ವಲ್ಪ ಪುಟ ಬಾಕಿ ಉಂಟು, ಜಾಮೀನು ಕೊಡುವುದಕ್ಕಾಗುವುದಿಲ್ಲ, ಮುಂದಿನ ತಿಂಗಳು ತರುತ್ತೇನೆ ಎಂದು ಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಇಷ್ಟು ದಪ್ಪದ್ದು ಓದಿ ದಡದಲ್ಲಿ ಬಿದ್ದಿಯಾ ಎಂದು ನಾನು ಅವಳನ್ನು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕರು. ನಗುವಾಗ ನನ್ನ ಮಡಿಲಲ್ಲಿದ್ದ ಪುಸ್ತಕದ ಅರ್ಧವನ್ನೂ ನಾನು ದಾಟಿರಲಿಲ್ಲ.

ತಮ್ಮನ ಮಗಳ ಮದುವೆ ಆಗಷ್ಟೇ ಮುಗಿದಿತ್ತು. ಮದುಮಗಳಿಗೆ ಹಚ್ಚುವ ರೋಸಿನ ಶಾಸ್ತ್ರಕ್ಕೆ ತೆಂಗಿನ ಹಾಲು ಹಿಂಡುವುದು, ನೆಂಟರಿಗೆ ಸನ್ನಾ ಬೇಯಿಸುವುದು, ಇದರ ನಡುವೆ ಓದಲು ಪುರುಸೊತ್ತು ಎಲ್ಲಿತ್ತು? ನೋಡು, ಈಗಲೂ ನೆಪ ಹೇಳುತ್ತಿದ್ದೇನೆ. ಓದಿ ಮುಗಿದಿಲ್ಲ ಎಂದು ಪ್ರಣೀತಾ ಹೇಳಿದ ಹಾಗೆ ನಾನೂ ಹೇಳಬಹುದಿತ್ತು. ಹೇಳಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿನ ಕತೆ, ಬರೀ ಮಣ್ಣು ಮತ್ತು ಬೆಂಕಿ, ಇಲ್ಲಿ ನೀರು ಎಲ್ಲಿಂದ ಬರಬೇಕು ಎಂದು ನನ್ನ ಲೆಕ್ಕ. ನೀನು ನನ್ನ ಮುಖ ನೋಡಿ, ಎಂತ ಜಾನೆಟ್, ಇದರಲ್ಲಿ ಅದು ಇಲ್ಲ ಅಲ್ಲ ಎಂದು ಮೆಲ್ಲ ಕೇಳಿದಿ. ಇಲ್ಲವೇ ಇಲ್ಲ ಮಾರಾಯ್ತಿ, ಕಣ್ಣು ಮುಚ್ಚಿ ಓದು, ನಾನು ಜಾಮೀನು ಎಂದೆ. ಎಲ್ಲ ಕೈಗಳೂ ಮೇಲೆ ಹೋದವು. ಮೊದಲು ಹೋದದ್ದು ನಿನ್ನ ಕೈ.

ಸುಮಾರು ಎರಡು ವಾರದ ಮೇಲೆ ನಮ್ಮ ಯಜಮಾನರು ಬೊನಿಯ ಕಣ್ಣಿನ ಪರೀಕ್ಷೆಗೆ ಹೋಗಿದ್ದೆವು. ಅವರು ಡಾಕ್ಟರ ಕೋಣೆಯ ಒಳಗೆ, ನಾನು ಹೊರಗೆ ಬೆಂಚಿನಲ್ಲಿ ಪುಸ್ತಕ ಬಿಚ್ಚಿಕೊಂಡು. ಹಂಚಿಗೆ ಜೇಡಿಮಣ್ಣು ಬೇಕಲ್ಲ, ಆ ಮಣ್ಣು ದೋಣಿಯಲ್ಲಿ ಬರುತ್ತದಲ್ಲ, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನೇತ್ರಾವತಿಯ ಬದಿಯಲ್ಲಿ ಹುಟ್ಟಿ ಬೆಳೆದವಳು ನಾನು! ಆ ಹೆಂಗಸಿನ ಮಗ ಮಣ್ಣಿನ ದೋಣಿ ಹತ್ತಿದ. ಮುಂದಿನದ್ದು ನಿನಗೆ ಗೊತ್ತುಂಟು. ಪುಸ್ತಕ ಮುಚ್ಚಿ ಕಣ್ಣೊರೆಸಿಕೊಂಡೆ. ಬೊನಿ ಹೊರಗೆ ಬಂದು ಕಣ್ಣಿಗೆ ಮದ್ದು ಹಾಕಿದ್ದು ನನಗಾ ನಿನಗಾ ಎಂದು ಕೇಳಿದರು.

ಮಾರನೆಯ ದಿನ ಬೆಳಿಗ್ಗೆ ನಿನ್ನ ಫೋನ್ ಬಂತು. ಎತ್ತಲಿಲ್ಲ. ಹೆದರಿಕೆ. ಆದರೆ ನೀನು ದಿನಕ್ಕೆ ನಾಲ್ಕು ಪುಟ ಓದುವವಳು, ಇನ್ನೂ ಅಲ್ಲಿಗೆ ಮುಟ್ಟಿರಲಿಕ್ಕಿಲ್ಲ ಎಂಬ ಆಸೆಯೂ ಇತ್ತು. ಮಧ್ಯಾಹ್ನ ಪಡೀಲಿಗೆ ಓಡಿ ಬಂದೆ. ನೀನು ಸಟ್ಟುಗ ಹಿಡಿದೇ ಬಾಗಿಲು ತೆಗೆದಿ. ಒಳಗೆ ಏನೋ ಹುರಿಯುವ ಸದ್ದು. ನಾನು ಚಪ್ಪಲಿ ಬಿಚ್ಚುವ ಮೊದಲೇ, ನನ್ನ ಪುಸ್ತಕದ ಮೇಲೆ ಚಹಾ ಚೆಲ್ಲಿತು, ನಿನ್ನದು ಒಮ್ಮೆ ಕೊಡು ಎಂದು ಹೊಸ ಸುಳ್ಳು ಶುರುಮಾಡಿದೆ. ಹಾಗಾದರೆ ನೀನು ಮುಗಿಸಲಿಲ್ಲವಾ ಎಂದು ಕೇಳಿದಿ. ಮುಗಿಸಿದೆ, ಇನ್ನೊಮ್ಮೆ ಓದಬೇಕು ಎಂದೆ. ನೀನು ಒಳಗೆ ಹೋಗಿ ಒಲೆಯ ಉರಿ ಸಣ್ಣ ಮಾಡಿದಿ. ಆಮೇಲೆ ಪುಸ್ತಕ ತಂದುಕೊಟ್ಟು, ವಣಸ್ ಮಲ್ತ್‌ದ್ ಪೋಲ, ಊಟ ಮಾಡಿಯೇ ಹೋಗು, ಒಬ್ಬಳೇ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದಿ. ಊಟವೆಲ್ಲ ಇನ್ನೊಮ್ಮೆ, ಬೊನಿ ಕಾಯುತ್ತಾರೆ ಎಂದು ನಾನು ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಓಡಿದೆ. ಬಸ್ಸಿನಲ್ಲಿ ತೆರೆದು ನೋಡಿದರೆ, ಮದುವೆಯ ಆಮಂತ್ರಣದ ತುಂಡೊಂದನ್ನು ನೀನು ಗುರುತಿಗೆ ಇಟ್ಟಿದ್ದಿ. ಅದು ದೋಣಿಯ ಅಧ್ಯಾಯಕ್ಕಿಂತ ಒಂದೇ ಪುಟ ಹಿಂದೆ ಇತ್ತು. ದೇವರೇ, ಒಂದು ಪುಟದಲ್ಲಿ ಉಳಿಸಿದೆ ಎಂದು ಶಿಲುಬೆಯ ಗುರುತು ಹಾಕಿಕೊಂಡೆ. ನನ್ನ ಬುದ್ಧಿವಂತಿಕೆಗೆ ಖುಷಿಯೂ ಆಯಿತು. ಅದನ್ನೂ ಬರೆಯುತ್ತೇನೆ, ಏಕೆಂದರೆ ಅದೂ ನಿಜ.

ಪುಸ್ತಕ ಕೈಯಲ್ಲಿಲ್ಲದವಳು ನಿನ್ನೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ನೀನು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಿ. ನಜ್ಲಾ ಸುತ್ತಿ ಬಳಸಿ ಮಾತಾಡುವವಳಲ್ಲ. ಈ ಪುಸ್ತಕಕ್ಕೆ ಜಾಮೀನು ನಿಂತದ್ದು ಯಾರು, ದೇಯಿ ಅಕ್ಕನ ವಿಷಯ ಗೊತ್ತಿದ್ದೂ ಇದನ್ನು ಹೇಗೆ ತಂದದ್ದು ಎಂದು ನೇರ ಕೇಳಿದಳು. ಎಲ್ಲರ ಕಣ್ಣೂ ನನ್ನ ಮೇಲೆ. ಬಾಯಿ ತೆರೆದೆ, ಏನು ಬರುತ್ತಿತ್ತೋ ದೇವರಿಗೇ ಗೊತ್ತು. ಅಷ್ಟರಲ್ಲಿ ನೀನು, ಜಾನೆಟ್ ನನ್ನ ಹತ್ತಿರ ಮೊದಲೇ ಹೇಳಿದ್ದಳು, ಇರಲಿ, ಈಗ ಓದಬಹುದು ಅಂದವಳು ನಾನೇ, ಇಡೀ ಓದಿದೆ, ಒಳ್ಳೆಯ ಪುಸ್ತಕ ಎಂದಿ. ಕೋಣೆ ಹಗುರಾಯಿತು. ಪ್ರಣೀತಾ ನನ್ನ ಹತ್ತಿರ ಬಂದು, ಸಾರಿ ಆಂಟಿ, ನೀವು ಓದದೆ ಜಾಮೀನು ಕೊಟ್ಟಿರಿ ಅಂತ ನಾನು ಮನಸ್ಸಿನಲ್ಲಿ ತಪ್ಪು ತಿಳಿದಿದ್ದೆ ಎಂದಳು. ನಾನು ಎಂತ ಹೇಳಿದೆ ಗೊತ್ತುಂಟಾ? ಪರವಾಗಿಲ್ಲ ಮಗಾ ಎಂದೆ. ಅವಳ ತಲೆ ಸವರಿದೆ! ಸತ್ಯ ಹೇಳಿದ ಹುಡುಗಿ ನನ್ನ ಕ್ಷಮೆ ಕೇಳಿದಳು, ನಾನು ದೊಡ್ಡಮನಸ್ಸು ಮಾಡಿ ಕ್ಷಮಿಸಿದೆ. ರಾತ್ರಿಯಿಡೀ ಆ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಇಡೀ ಓದಿದೆ ಎಂದು ನೀನು ಹೇಳಿದಮೇಲೆ ನನಗೆ ಆ ಗುರುತಿನ ಅರ್ಥವಾಯಿತು. ನಾನು ಒಯ್ಯುವ ಮೊದಲೇ ನೀನು, ದಿನಕ್ಕೆ ನಾಲ್ಕು ಪುಟದ ಲೆಕ್ಕ ಬಿಟ್ಟು, ಓದಿ ಮುಗಿಸಿದ್ದಿ; ಅದು ನೀನು ನಿಲ್ಲಿಸಿದ ಪುಟವಲ್ಲ. ಆ ಹುಡುಗ ಜೀವದಿಂದ ಇರುವ ಕೊನೆಯ ಪುಟ. ನೀನು ತಿರುಗಿ ತಿರುಗಿ ಅಲ್ಲಿಗೆ ಹೋಗುತ್ತಿದ್ದಿ. ನಾನು ಬಾಗಿಲಲ್ಲಿ ನಿಂತು ಚಹಾ ಚೆಲ್ಲಿದ ಕತೆ ಕಟ್ಟುವಾಗ ನಿನಗೆ ಎಲ್ಲವೂ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಬೈದುಬಿಡು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ನೀನು ಬೈಯಲಿಲ್ಲ. ಕೊಟ್ಟಾರ ಹತ್ತಿರ ಬಂದಾಗ, ಆ ಕೊನೆಯ ಅಧ್ಯಾಯ ನಿನಗೆ ಹೇಗೆ ಕಂಡಿತು ಎಂದು ಮಾತ್ರ ಕೇಳಿದಿ. ಚೆನ್ನಾಗಿತ್ತು ಎಂದೆ. ನೀನು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಿ. ನಾನು ಇಳಿದು ಕೈ ಬೀಸಿದರೂ ತಿರುಗಲಿಲ್ಲ. ನನ್ನ ಪರವಾಗಿ ಸುಳ್ಳು ಹೇಳಬೇಕಾಯಿತಲ್ಲ ಎಂಬ ಸಿಟ್ಟು ಇರಬೇಕು. ಅದು ನ್ಯಾಯವೇ.

ಮುಂದಿನ ತಿಂಗಳ ಸರದಿ ನನ್ನ ಮನೆಯಲ್ಲಿ. ಎಲ್ಲರ ಎದುರು ನಿಜ ಹೇಳುತ್ತೇನೆ. ಪ್ರಣೀತಾಳ ಕ್ಷಮೆ ನಾನು ಕೇಳಬೇಕು. ನೀನು ದಯವಿಟ್ಟು ಮತ್ತೆ ಅಡ್ಡ ಬರಬೇಡ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬರಬೇಡ, ಆದರೆ ಬಳಗ ಬಿಡಬೇಡ. ಬೇಕಿದ್ದರೆ ನಾನೇ ಬಿಡುತ್ತೇನೆ. ಪುಸ್ತಕ ಮತ್ತು ಈ ಕಾಗದವನ್ನು ನಾಳೆ ಬೊನಿ ನಿನ್ನ ಮನೆಗೆ ಮುಟ್ಟಿಸುತ್ತಾರೆ. ಗುರುತನ್ನು ಅದೇ ಪುಟದಲ್ಲಿ ಇಟ್ಟಿದ್ದೇನೆ.

ತಲೆ ಎತ್ತಲಾಗದ,
ನಿನ್ನ ಜಾನೆಟ್

ಮರೆತದ್ದಲ್ಲ, ಬಚ್ಚಿಟ್ಟದ್ದು:

ಕವರಿಗೆ ಅಂಟು ಹಚ್ಚುವ ಮೊದಲು ಇದನ್ನೂ ಬರೆಯಬೇಕು. ಬಸ್ಸಿನಲ್ಲಿ ಚೆನ್ನಾಗಿತ್ತು ಎಂದದ್ದೂ ಸುಳ್ಳು. ದೋಣಿಯ ಅಧ್ಯಾಯದಿಂದ ಮುಂದೆ ಪುಟ ತಿರುಗಿಸಲು ನನಗೆ ಧೈರ್ಯ ಬಂದಿರಲಿಲ್ಲ. ಕೊನೆಯ ಅಧ್ಯಾಯವನ್ನು ಓದಿ ಮುಗಿಸಿದ್ದು ಈಗ, ಈ ಕಾಗದಕ್ಕೆ ಸಹಿ ಹಾಕಿದ ಮೇಲೆ. ಆ ತಾಯಿ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಮೀನಿನವಳನ್ನು ಕರೆದು ನಿಲ್ಲಿಸುತ್ತಾಳೆ, ಬೂತಾಯಿ ಕೊಳ್ಳುತ್ತಾಳೆ, ಮಸಾಲೆ ಅರೆಯುತ್ತಾಳೆ. ಮೊದಲ ತುತ್ತು ಒಬ್ಬಳೇ ನುಂಗಲಾರೆ ಎಂದು ನೆರೆಮನೆಯ ಗೆಳತಿಯನ್ನು ಕರೆಯುತ್ತಾಳೆ. ಗೆಳತಿ ಬಂದು ಕೂರುತ್ತಾಳೆ.

ಆ ದಿನ ನಿನ್ನ ಮನೆಯ ಬಾಗಿಲಲ್ಲಿ ನನಗೆ ಬೂತಾಯಿ ಹುರಿಯುವ ವಾಸನೆ ಬಂದಿತ್ತು, ದೇಯಿ. ಪಕ್ಕದ ಮನೆಯದ್ದು ಅಂದುಕೊಂಡೆ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟದ್ದನ್ನೂ ಕಂಡಿದ್ದೆ. ಮೋಹನಣ್ಣ ಅಂಗಡಿಯಲ್ಲಿದ್ದಾರೆಂದು ನನಗೆ ಗೊತ್ತಿತ್ತು.